ಎಲೆಕ್ಟ್ರಾನುಗಳ ಬಸ್ಸು

ಬುತ್ತಿ ಹಿಡಿದು ಹೊಲಕ್ಕೆ ಬಂದ ಭೂಮಿಕಾ ಬದುವಿನ ಮೇಲೇ ನಿಂತುಬಿಟ್ಟಳು. ಬೇವಿನ ಮರದ ಕೆಳಗೆ ಗಂಡ ಮೈಲಾರೇಶ ಫೋನನ್ನು ಮುಖದ ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತ ಏನನ್ನೋ ಓದುತ್ತಿದ್ದ. ಅವನು ಓದುವುದನ್ನು ಅವಳು ಕಂಡದ್ದು ಅದೇ ಮೊದಲು.

ವಾರದಿಂದ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ಬಿ.ಎಸ್ಸಿ. ಮುಗಿಸಿ ಹಗರಿಬೊಮ್ಮನಹಳ್ಳಿಯಿಂದ ಚಿಗಟೇರಿಗೆ ಸೊಸೆಯಾಗಿ ಬಂದವಳಿಗೆ ಇಂಟರ್ನೆಟ್ಟಿನಲ್ಲಿ ವಿಜ್ಞಾನದ ಕಾಮಿಕ್ಸ್ ಓದುವ ಗೀಳು. ಕೆಲಸ ಮುಗಿಸಿ ಹಿತ್ತಲ ಕಟ್ಟೆಯ ಮೇಲೆ ಫೋನ್ ಹಿಡಿದು ಕೂತರೆ ಒಬ್ಬಳೇ ನಗುತ್ತಿದ್ದಳು. ಅತ್ತೆ ಗಾದೆಮ್ಮನಿಗೆ ಅದು ಸರಿ ಕಾಣಲಿಲ್ಲ. ಫೋನಿನ ಆ ಕಡೆ ಯಾರಿದ್ದಾರೆ ಕೇಳು ಎಂದು ಮಗನಿಗೆ ಹೇಳಿದಳು. ಮಗನೂ ಹೋಗಿ ಕೇಳಿಬಿಟ್ಟ. ಭೂಮಿಕಾಳ ಮನಸ್ಸು ಮುರಿಯಿತು. ಹೇಳಿದರೆ ನಿಮಗೆ ತಿಳಿಯುವುದಿಲ್ಲ ಎಂದು ಎದ್ದು ಒಳಗೆ ಹೋದವಳು ಮತ್ತೆ ಆ ಕಟ್ಟೆಯ ಮೇಲೆ ಕೂರಲಿಲ್ಲ.

ಈಗ ಬದು ಇಳಿದು, ಸದ್ದಾಗದಂತೆ ಹತ್ತಿರ ಬಂದು ಅವನ ಹೆಗಲ ಮೇಲಿಂದ ಇಣುಕಿದಳು. ಪರದೆಯ ಮೇಲಿದ್ದದ್ದು ಅವಳದೇ ಮೆಚ್ಚಿನ ಕಾಮಿಕ್ಸು. ಯಾವುದನ್ನು ಓದಲಿ ಎಂದು ಗೆಳತಿ ಚಂದನಾ ಕೇಳಿದ್ದಕ್ಕೆ ಭೂಮಿಕಾ ನಾಲ್ಕಾರು ಹೆಸರುಗಳನ್ನು ಸ್ಟೇಟಸ್ಸಿಗೆ ಹಾಕಿದ್ದಳು. ಅದರಲ್ಲಿ ಮೊದಲನೆಯದನ್ನು ಇವನು ಹುಡುಕಿ ತೆಗೆದಿದ್ದ. ಇಂಗ್ಲಿಷಿನ ಒಂದೊಂದು ಪದಕ್ಕೂ ಫೋನಿನಲ್ಲೇ ಅರ್ಥ ನೋಡಿಕೊಳ್ಳುತ್ತಿದ್ದ.

ಅವಳ ನೆರಳು ಬಿದ್ದದ್ದಕ್ಕೆ ತಲೆಯೆತ್ತಿದ. ಫೋನ್ ಬಚ್ಚಿಡಲಿಲ್ಲ.

"ಇದರಾಗ ನಗೋದು ಎಲ್ಲೈತಿ?" ಎಂದ.

ಭೂಮಿಕಾ ಬುತ್ತಿ ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಎಲೆಕ್ಟ್ರಾನುಗಳು ಸಾಲಾಗಿ ಎರಡಂತಸ್ತಿನ ಬಸ್ಸು ಹತ್ತುವ ಚಿತ್ರ ಅದು. ಒಂದು ಜಾಗದಲ್ಲಿ ಒಂದೇ ಎಲೆಕ್ಟ್ರಾನು ಕೂರಬೇಕು, ಕೆಳಗಿನ ಸೀಟೆಲ್ಲ ತುಂಬಿದರೆ ಮುಂದಿನದು ಮೇಲಂತಸ್ತಿಗೆ ಹತ್ತಲೇಬೇಕು, ಪರಮಾಣುವಿನ ಒಳಗೂ ಹೀಗೆಯೇ ಎಂದು ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ಅದರಲ್ಲಿದ್ದ ನಗು ಆರಿಹೋಯಿತು ಎಂದು ಅವಳಿಗೇ ಅನ್ನಿಸಿತು. ಅವನು ಮಾತ್ರ ಗಂಭೀರವಾಗಿ ಕೇಳಿಸಿಕೊಂಡ.

"ಹಂಗಾದ್ರ ಇವು ಹರಪನಹಳ್ಳಿ ಬಸ್ಸು ಹತ್ತಿಲ್ಲ ಬಿಡು."

ಭೂಮಿಕಾ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವನು ಫೋನ್ ಮರೆತು ಅವಳ ಮುಖವನ್ನೇ ನೋಡುತ್ತಿದ್ದ.

"ಇಷ್ಟು ತ್ರಾಸ ತಗೊಂಡು ಯಾಕ ಓದಾಕ ಹತ್ತೀರಿ?" ಕಣ್ಣೊರೆಸಿಕೊಂಡು ಕೇಳಿದಳು. "ನಿಮಗ ತಿಳಿಯಂಗಿಲ್ಲ ಅಂತ ಅವತ್ತು ನಾ ಸಿಟ್ಟಿಲೆ ಅಂದಿದ್ದೆ."

ಮೈಲಾರೇಶ ಬುತ್ತಿ ಬಿಚ್ಚಿದ. ರೊಟ್ಟಿ ಮುರಿದು ಅರ್ಧ ಅವಳ ಕೈಗಿಟ್ಟ.

"ಯಾರ ಜೋಡಿ ನಗ್ತಿ ಅನ್ನೋದು ಅವ್ವಗ ಬೇಕಾಗಿತ್ತು," ಎಂದ. "ನನಗ, ನೀ ನಗಾಕ ಎಲ್ಲಿಗೆ ಹೋಗ್ತಿ ಅಂತ ನೋಡ್ಬೇಕಿತ್ತು. ಅಲ್ಲಿಗೇ ಹೊಂಟಿದ್ದೆ, ದಾರಿ ತಿಳೀಲಿಲ್ಲ."