ಗುಜರಿಯಿಂದ ಬಂದ ಎಂಜಿನ್

ಸುಟ್ಟ ಎಣ್ಣೆಯ ಹೊಗೆ ಮೂಗಿಗೆ ಬಂದರೆ ಈಗಲೂ ನನ್ನ ಕೈ ತಾನಾಗಿಯೇ ಮಗಳ ಕೈಯನ್ನು ಹುಡುಕುತ್ತದೆ.

ಅಪ್ಪನ ಯೆಜ್ಡಿ ಬೈಕು ತಯಾರಾಗುತ್ತಿದ್ದ ಮೈಸೂರಿನ ಕಾರ್ಖಾನೆ ಎಂದೋ ಮುಚ್ಚಿತ್ತು. ಹೊಸ ಸಾಮಾನು ಸಿಗದೆ ಅಪ್ಪ ನಮ್ಮೂರಿನ ರೋಜಾ ಬಡಾವಣೆಯ ಗುಜರಿ ಅಂಗಡಿಯಿಂದ ಹಳೆಯ ಎಂಜಿನ್ ತಂದು ಕೂಡಿಸಿದ್ದರು. "ಕಮಲಾಪುರದ ಹುಡುಗಂದು ಸಾಬ್. ಅವ ಜ್ವರದಾಗ ಹೋಗ್ಯಾನ, ಎಂಜಿನ್ ಗಟ್ಟಿ ಅದ," ಅಂದಿದ್ದ ಅಂಗಡಿಯವ.

ಮುಂದಿನ ವಾರ ಕೆಂಪು ಬಾಳೆಹಣ್ಣಿಗೆಂದು ಅಪ್ಪ ನನ್ನನ್ನು ಟ್ಯಾಂಕಿನ ಮೇಲೆ ಕೂಡಿಸಿಕೊಂಡು ಕಮಲಾಪುರಕ್ಕೆ ಹೋದರು. ಮಧ್ಯಾಹ್ನದ ಬಿಸಿಲಿಗೆ ಒಂದು ಓಣಿಯ ನೆರಳಲ್ಲಿ ಗಾಡಿ ನಿಲ್ಲಿಸಿದರು. ಕಣ್ಣಿಗೆ ಪೊರೆ ಬಂದಿದ್ದ ಮುದುಕಿಯೊಬ್ಬಳು ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದಳು.

"ಎಷ್ಟೊತ್ತು ಮಾಡಿದ್ಯೋ? ರೊಟ್ಟಿ ಆರಾಕತ್ತಾವ."

ಹಿಂದೆಯೇ ಬಂದ ಸೊಸೆ ಬಳೆಯಿಲ್ಲದ ಕೈ ಮುಗಿದು ಪಿಸುಗುಟ್ಟಿದಳು. "ಗಾಡಿ ಸಪ್ಪಳ ಕೇಳ್ಯಾರರೀ. ಮಗ ಇಲ್ಲಂತ ಇನ್ನಾ ಹೇಳಿಲ್ಲ."

ಅಪ್ಪ ಚಪ್ಪಲಿ ಬಿಟ್ಟು ಕಾಲು ತೊಳೆದುಕೊಂಡರು. "ಬಂದೆ, ನಡಿಯವ್ವಾ," ಅಂದರು. ಆ ದನಿಯನ್ನು ನಾನು ಮನೆಯಲ್ಲಿ ಎಂದೂ ಕೇಳಿರಲಿಲ್ಲ.

ಊಟಕ್ಕೆ ಕೂತಾಗ ಮುದುಕಿಯ ಒರಟು ಬೆರಳುಗಳು ನನ್ನ ಜಡೆಯನ್ನೂ ಶಾಲೆಯ ರಿಬ್ಬನ್ನನ್ನೂ ಮೆಲ್ಲಗೆ ಸವರಿದವು.

"ಈ ಕೂಸು ಯಾರದಪ್ಪಾ?"

ನಾನು ಅಪ್ಪನ ಮುಖ ನೋಡಿದೆ. ಅವರು ತಲೆ ಎತ್ತದೆ ರೊಟ್ಟಿ ಮುರಿದರು.

"ಓಣ್ಯಾಗಿಂದು ಇರಬೇಕವ್ವಾ."