ಉತ್ತರದಲ್ಲಿ ಉಳಿದವನು

ಉತ್ತರ ಧ್ರುವಕ್ಕೆ ಹಡಗು ಹೋಗುವುದು ನಿಂತು ಹನ್ನೊಂದು ವರ್ಷವಾಗಿತ್ತು. ಹಿಮದ ದಪ್ಪ, ಬಿಸಿ, ಸಪ್ಪಳ ಅಳೆಯಲು ಅಲ್ಲಿ ಹೂತಿಟ್ಟ ಸೆನ್ಸರುಗಳು ಮಾತ್ರ ಇನ್ನೂ ಸುದ್ದಿ ಕಳಿಸುತ್ತಿದ್ದವು. ವಿಜಯಪುರದ ಕಚೇರಿಯಲ್ಲಿ ಕೂತು ಅದನ್ನು ಓದುವುದು ಗುರುಸಿದ್ದವ್ವನ ಕೆಲಸ. ಇಲ್ಲಿಂದ ತಿರುಗಿ ಏನನ್ನೂ ಕಳಿಸುವಂತಿರಲಿಲ್ಲ.

ಅಲ್ಲೊಬ್ಬ ಮನುಷ್ಯ ಉಳಿದುಬಿಟ್ಟಿದ್ದಾನೆಂದು ಕಚೇರಿಗೆಲ್ಲ ಗೊತ್ತಿತ್ತು. ದಿನಾ ಬೆಳಿಗ್ಗೆ ಅವನು ಸಾಲಾಗಿ ನಡೆದು, ಒಂದೊಂದು ಸೆನ್ಸರಿನ ಮೇಲಿನ ಹಿಮ ಒರೆಸುತ್ತಿದ್ದ. ಆಗ ಅವನ ಅಂಗೈಯ ಬಿಸಿ ಕ್ಷಣಹೊತ್ತು ಕಂಪ್ಯೂಟರ್ ತೆರೆಯ ಮೇಲೆ ಕಾಣುತ್ತಿತ್ತು.

ಇವತ್ತು ಆರನೆಯ ಸೆನ್ಸರಿನ ಕೆಳಗೆ ಹಿಮ ಎರಡು ಬೆರಳಿನಷ್ಟೇ ದಪ್ಪ ಉಳಿದಿತ್ತು, ಅದರಡಿ ಸಮುದ್ರ. ಅವನಾಗಲೇ ನಾಲ್ಕನೆಯದನ್ನು ಒರೆಸಿದ್ದ.

"ಸಾಹೇಬ್ರ, ಅಂವಾ ಆ ಕಡೀಕೇ ಹೊಂಟಾನ್ರಿ," ಎಂದಳು ಗುರುಸಿದ್ದವ್ವ.

ಮೇಲಧಿಕಾರಿ ದಸ್ತಗೀರಸಾಹೇಬರು ಬಂದು ನೋಡಿದರು. "ಏನ್ ಮಾಡೂದವ್ವಾ, ನಮ್ಮ ಮಾತು ಅಲ್ಲೀತನಕ ಮುಟ್ಟೂದಿಲ್ಲ," ಎಂದು ಪಕ್ಕದ ಕುರ್ಚಿಯಲ್ಲಿ ಕುಸಿದರು.

ಐದನೆಯದರಲ್ಲಿ ಅಂಗೈಯ ಬಿಸಿ ಕಂಡಿತು. ಅಲ್ಲವನು ಎಂದಿಗಿಂತ ಹೆಚ್ಚು ಹೊತ್ತು ನಿಂತ. ತಿರುಗಿ ಹೋದಾನೆಂದು ಇಬ್ಬರೂ ಕಾದರು. ಹೆಜ್ಜೆಯ ಸಪ್ಪಳ ಮತ್ತೆ ಶುರುವಾಯಿತು, ಆರನೆಯದರ ಕಡೆಗೆ.

"ಬ್ಯಾಡೋ ಯಪ್ಪಾ, ಅಲ್ಲೇ ನಿಂದ್ರು," ಎನ್ನುತ್ತ ಗುರುಸಿದ್ದವ್ವ ತೆರೆಗೆ ಕೈ ಒತ್ತಿದಳು.

ಹದಿನೇಳು ಹೆಜ್ಜೆ ಕೇಳಿಸಿತು. ಆಮೇಲೆ ಆರನೆಯ ಸೆನ್ಸರಿನ ವರದಿ ಬಂತು: ಹಿಮ ಒಡೆದಿದೆ, ಸುತ್ತ ನೀರು.

ಗುರುಸಿದ್ದವ್ವ ಕೈ ತೆಗೆಯಲಿಲ್ಲ.