ಕೆಳಗಿನ ಕಿಂಡಿ

ಅಕ್ಷತೆ ಗಾಳಿಯಲ್ಲೇ ನಿಂತುಬಿಟ್ಟಿತು. ಮದುಮಕ್ಕಳ ತಲೆಗಿಂತ ಗೇಣು ಮೇಲೆ ಹಳದಿ ಕಾಳುಗಳು ತೂಗಾಡಿ, ತಡವರಿಸಿ, ಆಮೇಲೆ ಒಮ್ಮೆಗೇ ಉದುರಿದವು. ರೂಪಾ ಮೌಸ್ ಬಿಟ್ಟು ಎದ್ದು ಮೇಜಿನ ಹಿಂದೆ ಬಗ್ಗಿ ನೋಡಿದಳು. ಪರದೆಯ ತಂತಿ ಮತ್ತೆ ಮೇಲಿನ ಕಿಂಡಿಯಲ್ಲಿತ್ತು.

ಆ ಪುಟ್ಟ ಕಂಪ್ಯೂಟರಿನ ಬೆನ್ನಿಗೆ ತಂತಿ ಸಿಕ್ಕಿಸಲು ಎರಡು ಕಿಂಡಿ. ಮೇಲಿನದು ಅದರ ಹುಟ್ಟಿನಿಂದ ಬಂದದ್ದು. ಟೈಪ್ ಮಾಡಲು, ಹಾಡು ಕೇಳಲು ಸಾಕು. ಕೆಳಗಿನದು ದಸರೆಗೆ ಹಾಕಿಸಿದ, ವಿಡಿಯೋ ತಡವರಿಸದಂತೆ ಓಡಿಸುವ ಗ್ರಾಫಿಕ್ಸ್ ಕಾರ್ಡಿನದು. ಚಿತ್ರ ಎರಡರಲ್ಲೂ ಬರುತ್ತದೆ, ಆದರೆ ತಂತಿ ಕೆಳಗಿದ್ದರೆ ಮಾತ್ರ ಕಾರ್ಡು ದುಡಿಯುತ್ತದೆ ಎಂದು ಮೆಕ್ಯಾನಿಕ್ ಮನೆಯವರೆಲ್ಲರ ಎದುರು ತೋರಿಸಿಕೊಟ್ಟಿದ್ದ. ಅತ್ತೆ ಶಾಂತಾಬಾಯಿ ಆಗಲೇ ಕಾರ್ಡಿನ ತಗಡಿಗೆ ಮೂರೆಳೆ ವಿಭೂತಿ ಎಳೆದಿದ್ದರು. ಮನೆಗೆ ಹೊಸದಾಗಿ ಬಂದದ್ದು ಕುಕ್ಕರೇ ಆಗಲಿ ಕಾರ್ಡೇ ಆಗಲಿ, ವಿಭೂತಿ ಇಲ್ಲದೆ ಅವರಿಗೆ ಸಮಾಧಾನವಿಲ್ಲ.

ಪಿಂಪಳಗಾಂವ್‌ನ ಈ ಮನೆಯಲ್ಲಿ ಕೂತು ರೂಪಾ ನಾಸಿಕ್ ರೋಡಿನ ಸ್ಟುಡಿಯೋ ಒಂದಕ್ಕೆ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿ ಕೊಡುತ್ತಿದ್ದಳು. ಕಾರ್ಡು ಬಂದ ಮೇಲೆ ಕೆಲಸಕ್ಕೆ ಕಳೆ ಬಂತು. ಮಾಲೀಕ ಸ್ಟುಡಿಯೋದಲ್ಲೇ ಬಂದು ಕೂಡಲು ಕರೆದ. ಗಂಡ ಸಂಗಮನಾಥ ನಕ್ಕುಬಿಟ್ಟಿದ್ದ. ನೆರಳಿನಲ್ಲಿ ಕೂತು ಮಾಡುವ ಕೆಲಸಕ್ಕೆ ದಿನಾ ಬಸ್ಸಿನ ಧೂಳೇಕೆ ಎಂದಿದ್ದ. ಅತ್ತೆ ಮಾತ್ರ ಮುಖ ಬಿಗಿದುಕೊಂಡು ಎದ್ದು ಒಳಗೆ ಹೋಗಿದ್ದರು.

ಆ ಬಿಗಿದ ಮುಖವನ್ನು ರೂಪಾ ಮರೆತಿರಲಿಲ್ಲ. ಆಮೇಲೆಯೇ ಯಂತ್ರ ಮೊಂಡಾಟ ಹಿಡಿದದ್ದು. ಎರಡು ಮದುವೆ ತಡಮಾಡಿ ಮಾಲೀಕನಿಂದ ಬೈಸಿಕೊಂಡದ್ದಾಯಿತು. ಹಿಂದೆ ಬಗ್ಗಿ ನೋಡುವ ಬುದ್ಧಿ ಬಂದದ್ದು ಹೋದ ವಾರ.

ಅತ್ತೆಯ ಕೈ ಆ ಮೇಜಿನ ಹಿಂದೆ ಆಡುವುದನ್ನು ಅವಳು ಕಂಡಿದ್ದಳು. ಕೇಳಿದರೆ ಧೂಳು ಒರೆಸುತ್ತಿದ್ದೆ ಎನ್ನುತ್ತಿದ್ದರು. ಕೈಯಲ್ಲಿ ಬಟ್ಟೆ ಇರುತ್ತಿರಲಿಲ್ಲ. ನೆನೆಸಿಕೊಂಡರೆ, ಯಂತ್ರ ಕೈಕೊಡುತ್ತಿದ್ದದ್ದು ಸೋಮವಾರವೇ. ಸೋಮವಾರ ಅತ್ತೆ ಮಹಾದೇವನ ಗುಡಿಗೆ ಹೋದರೆ ಬರುವುದು ಸಂಜೆಗೆ. ಮಾಡುವುದನ್ನು ಮಾಡಿಟ್ಟು ದೇವರ ಕಡೆ ಮುಖ ಮಾಡುತ್ತಾರೆ ಎಂದು ರೂಪಾ ಹಲ್ಲು ಕಚ್ಚಿದಳು. ಇವತ್ತೂ ಸೋಮವಾರ.

ಸಂಜೆ ಔಷಧದಂಗಡಿ ಮುಚ್ಚಿ ಬಂದ ಸಂಗಮನಾಥನಿಗೆ ಹೇಳಿದಳು. ದ್ರಾಕ್ಷಿ ತೋಟಗಳಿಗೆ ಔಷಧ ಮಾರುವ ಅವನು ಸಿಟ್ಟಿನ ಮನುಷ್ಯನಲ್ಲ.

"ಅವ್ವನ ಕೈ ಸುಮ್ನ ಇರಂಗಿಲ್ಲ ಬಿಡು," ಎಂದ ಮೆತ್ತಗೆ. "ಔರಂಗಾಬಾದಿಗಿ ಅಕ್ಕನ ಮನಿಗಿ ಕಳಿಸಿಬಿಡಲೇನು? ನೀ ಹ್ಞೂಂ ಅಂದ್ರ ಸಾಕು."

ರೂಪಾ ಹ್ಞೂಂ ಅನ್ನಲಿಲ್ಲ. ಅಳಿಯನ ಮನೆಯ ಅನ್ನ ಅತ್ತೆಯ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಮ್ಮೆ ಕಣ್ಣಾರೆ ನೋಡಿ ಹೇಳುತ್ತೇನೆ ಎಂದಳು.

ಮರುದಿನ ತಂತಿ ಕೆಳಗಿನ ಕಿಂಡಿಯಲ್ಲಿರುವುದನ್ನು ಮುಟ್ಟಿ ನೋಡಿಕೊಂಡಳು. ಊಟಕ್ಕೆ ಬಂದ ಗಂಡನಿಗೆ ಅತ್ತೆ ರೊಟ್ಟಿ ಬಡಿಸುತ್ತಿದ್ದಾಗ ಸಂತೆಗೆ ಹೋಗುತ್ತೇನೆಂದು ಚೀಲ ಹಿಡಿದು ಹೊರಬಿದ್ದಳು. ಹೋಗಿ ಕೂತದ್ದು ಪಕ್ಕದ ಕಾಶಿಬಾಯಿಯ ಜಗುಲಿಯಲ್ಲಿ. ಗಂಡನ ಬೈಕು ಹೋದ ಸದ್ದು ಕೇಳಿಸಿದ ಮೇಲೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು.

ಅತ್ತೆ ಮೇಜಿನ ಹಿಂದೆಯೇ ಇದ್ದರು. ತಂತಿಯ ನೀಲಿ ತಲೆ ಅವರ ಮುಷ್ಟಿಯಲ್ಲಿತ್ತು.

"ಏನ್ ಮಾಡ್ಲಕತ್ತೀರಿ ಅತ್ತಿ?"

ಶಾಂತಾಬಾಯಿ ಬೆಚ್ಚಲಿಲ್ಲ. ತಂತಿಯನ್ನು ಇನ್ನೊಮ್ಮೆ ಜಗ್ಗಿದರು. ಅವರು ಅದನ್ನು ಕೀಳುತ್ತಿದ್ದದ್ದು ಮೇಲಿನ ಕಿಂಡಿಯಿಂದ. ಆಮೇಲೆ ಬೆರಳಾಡಿಸಿ ವಿಭೂತಿಯ ಗೆರೆ ಹುಡುಕಿ, ಕೆಳಗಿನದಕ್ಕೆ ಒತ್ತಿ ಸಿಕ್ಕಿಸಿದರು.

"ಅವಂಗ ಏನೂ ಅನಬ್ಯಾಡ," ಎಂದರು ಸೊಂಟ ಹಿಡಿದು ಏಳುತ್ತ. "ಅವನಪ್ಪನೂ ನನ್ನ ಹೊಲಿಗಿ ಮಷಿನಿನ ಪಟ್ಟಿ ಹಿಂಗೇ ಬಿಚ್ಚಿಡ್ತಿದ್ದ. ನನಗ ಹಾಕಿಕೊಡೋರು ಯಾರೂ ಇರಲಿಲ್ಲ." ಒಳಗೆ ಹೋಗುತ್ತ ತಿರುಗಿ ನಿಂತರು. "ಸೋಮವಾರ ಒಂದಿನ ನಾ ಇರಂಗಿಲ್ಲ. ಅವತ್ತು ನೀನೇ ನೋಡ್ಕೋಬೇಕವ್ವಾ."

ಸಂಜೆ ಸಂಗಮನಾಥ ತಟ್ಟೆಯ ಮುಂದೆ ಕೂತು ದನಿ ತಗ್ಗಿಸಿ ಕೇಳಿದ. "ಕಂಡಿಯೇನು? ಅವ್ವನ ಕೈಯೇ ಅಲ್ಲ?"

"ಹೌದ್ರಿ, ಅವರ ಕೈಯೇ." ರೂಪಾ ಇನ್ನೊಂದು ರೊಟ್ಟಿ ಹಾಕಿದಳು. "ಇರಲಿ ಬಿಡ್ರಿ. ಅವರು ಎಲ್ಲಿಗೂ ಹೋಗೂದು ಬ್ಯಾಡ."

ಮುಂದಿನ ಸೋಮವಾರ ತಾನು ನಾಸಿಕ್ ರೋಡಿನ ಮೊದಲ ಬಸ್ಸಿನಲ್ಲಿರುತ್ತೇನೆ ಎಂಬುದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ.